ಸತ್ತ ಹಾರ್ಡ್ ಡಿಸ್ಕ್‌ಗೆ ಬೇರೆ ಬೋರ್ಡ್ ಹಾಕುವ ಮುಂಚೆ

ಹೋದ ಮದುವೆ ಸೀಸನ್‌ನಲ್ಲಿ ಗಂಗಾವತಿಯಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ. ಫೋಟೊ ಸ್ಟುಡಿಯೊ ಅವನದು. "ಯಣ್ಣಾ, ಸುಟ್ಟ ವಾಸನಿ ಬಂತು, ಈಗ ಡಿಸ್ಕಿಂದ ಸಪ್ಪಳಾನೇ ಇಲ್ಲ." 12 ವೋಲ್ಟ್ ಕೊಡಬೇಕಾದ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಅವಸರದಲ್ಲಿ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಿದ್ದ. ನಾಲ್ಕು ಮದುವೆಯ ಫೋಟೊ ಒಳಗೆ, ಒಂದು ಆಲ್ಬಮ್ಮೂ ಪ್ರಿಂಟ್‌ಗೆ ಹೋಗಿಲ್ಲ.

ಇಂಥ ಹೊತ್ತಲ್ಲಿ ಸಿಗುವ ಸಲಹೆ ಒಂದೇ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್ ತಾ, ಅದರ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಇದಕ್ಕೆ ಹಾಕು. ಹಳೇ ಕಾಲದ ಡಿಸ್ಕ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗಿನವುಗಳಲ್ಲಿ ಅಷ್ಟೇ ಮಾಡಿದರೆ ಸಾಮಾನ್ಯವಾಗಿ ಕೆಲಸ ಆಗಲ್ಲ.

ಮೊದಲು ಡಿಸ್ಕ್ ಕಿವಿ ಹತ್ತಿರ ಹಿಡಿದು ಕೇಳಿ. ಟಕ್ ಟಕ್ ಅಂತಿದೆಯಾ? ಒಳಗೆ ಡೇಟಾ ಓದಿ ಬರೆಯುವ ಹೆಡ್ ಹಾಳಾಗಿರುವ ಸಾಧ್ಯತೆ ಜಾಸ್ತಿ. ಸಣ್ಣಗೆ ಬೀಪ್ ಅಂತಿದೆಯಾ? ಒಳಗೆ ಹೆಡ್ಡೋ ಮೋಟಾರೋ ಸಿಕ್ಕಿಕೊಂಡಿದೆ. ಎರಡಕ್ಕೂ ಬೋರ್ಡ್ ಬದಲಿಸಿ ಪ್ರಯೋಜನವಿಲ್ಲ, ಕರೆಂಟ್ ತೆಗೆದು ಅಲ್ಲೇ ನಿಲ್ಲಿಸಿ. ಸಪ್ಪಳವೇ ಇಲ್ಲ, ತಿರುಗೋದೇ ಇಲ್ಲ, ಜೊತೆಗೆ ಸುಟ್ಟ ವಾಸನೆ ಅಂದರೆ ಮಾತ್ರ ಬೋರ್ಡ್ ಮೇಲೆ ಅನುಮಾನ ಪಡಬಹುದು. ಮೇಲಿನ ಲೋಹದ ಮುಚ್ಚಳವನ್ನಂತೂ ತೆಗೆಯಲೇಬೇಡಿ. ನಮ್ಮ ಕಡೆ ಧೂಳಿಗೆ ಬರವೇ?

ಬೋರ್ಡ್ ಇರುವುದು ಕೆಳಗಡೆ, ಹಸಿರೋ ನೀಲಿಯೋ ಬಣ್ಣದ್ದು. ನಕ್ಷತ್ರದಂಥ ತುದಿಯ ಟಿ6 ಅಥವಾ ಟಿ5 ಸ್ಕ್ರೂಡ್ರೈವರ್ ಬೇಕು. ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ, ಕೇಳಿ ತನ್ನಿ. ಸ್ಕ್ರೂ ಬಿಚ್ಚಿ ಬೋರ್ಡ್ ತಿರುಗಿಸಿದರೆ ಹೆಡ್ ಮತ್ತು ಮೋಟಾರಿಗೆ ತಾಗುವ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಕಪ್ಪಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಕೆಲವು ಸಲ ರೋಗ ಇಷ್ಟೇ ಇರುತ್ತದೆ.

ಈಗ ಮುಖ್ಯ ಕೆಲಸ. ಕರೆಂಟ್ ಕನೆಕ್ಟರ್ ಪಕ್ಕದಲ್ಲಿ ಕಪ್ಪಗೆ, ಚೌಕಾಕಾರದ ಎರಡು ಟಿವಿಎಸ್ ಡಯೋಡ್ ಇರುತ್ತವೆ (ಮೊಪೆಡ್ ಅಲ್ಲಪ್ಪ!). ಒಂದು 12 ವೋಲ್ಟ್ ದಾರಿಗೆ, ಇನ್ನೊಂದು 5 ವೋಲ್ಟ್‌ಗೆ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕ್‌ಗೆ 5 ವೋಲ್ಟ್ ಮಾತ್ರ. ಕರೆಂಟ್ ಜಾಸ್ತಿ ನುಗ್ಗಿದಾಗ ಈ ಡಯೋಡ್ ತಾನೇ ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಮಲ್ಟಿಮೀಟರ್ ಬೀಪ್ ಮೋಡ್‌ಗೆ ಹಾಕಿ ಡಯೋಡಿನ ಎರಡು ತುದಿಗೆ ಹಿಡಿಯಿರಿ, ವೈರ್ ಅದಲುಬದಲು ಮಾಡಿ ಇನ್ನೊಮ್ಮೆ ಹಿಡಿಯಿರಿ. ಎರಡೂ ಕಡೆ ಕೂಗಿದರೆ ಅದು ಶಾರ್ಟ್. ಗಂಗಾವತಿ ಡಿಸ್ಕ್‌ನಲ್ಲಿ 12 ವೋಲ್ಟಿನದು ಹೀಗೇ ಕೂಗಿತು, ಮೈಮೇಲೆ ಸಾಸಿವೆಯಷ್ಟು ಗುಳ್ಳೆ ಬೇರೆ ಎದ್ದಿತ್ತು. ಅದನ್ನು ಕಿತ್ತೆ. ಬಾಕ್ಸ್ ಬಿಟ್ಟು ಡಿಸ್ಕನ್ನು ನೇರ ಡೆಸ್ಕ್‌ಟಾಪಿಗೆ ಹಾಕಿದೆ, ತಿರುಗಿತು. ಡಯೋಡ್ ಇಲ್ಲದ ಡಿಸ್ಕ್‌ಗೆ ಇನ್ನು ಕಾವಲಿಲ್ಲ. ಹಾಗಾಗಿ ಫೋಟೊ ಬೇರೆ ಕಡೆ ಕಾಪಿ ಮಾಡಿಕೊಂಡು ಅದಕ್ಕೆ ನಿವೃತ್ತಿ ಕೊಟ್ಟೆವು.

ಡಯೋಡ್ ಸರಿಯಿದ್ದು ಐಸಿಯೇ (ಬೋರ್ಡಿನ ಚಿಪ್) ಸುಟ್ಟಿದ್ದರೆ ಆಗ ಬೇರೆ ಬೋರ್ಡ್ ಹುಡುಕಿ. ಸ್ಟಿಕರ್ ಮೇಲಿನ ಮಾಡೆಲ್ ಒಂದೇ ಇದ್ದರೆ ಸಾಲದು, ಬೋರ್ಡ್ ಮೇಲೆ ಅಚ್ಚಾದ ನಂಬರ್ ಹೊಂದಬೇಕು. ವೆಸ್ಟರ್ನ್ ಡಿಜಿಟಲ್‌ನಲ್ಲಿ ಅದು 2060 ಅಂತ ಶುರುವಾಗುತ್ತದೆ.

ನಂಬರ್ ಹೊಂದಿದರೂ ಆಗಲ್ಲ ಯಾಕೆ? ಪ್ರತಿ ಡಿಸ್ಕಿನ ಹೆಡ್‌ಗಳಿಗೆ ಫ್ಯಾಕ್ಟರಿಯಲ್ಲೇ ಅಳತೆ ತೆಗೆದು, ಆ ಲೆಕ್ಕವನ್ನು ಬೋರ್ಡಿನ ರಾಮ್ ಅಲ್ಲ, ಕರೆಂಟ್ ಹೋದರೂ ಅಳಿಯದ ರೋಮ್ ಚಿಪ್‌ನಲ್ಲಿ ಬರೆದಿರುತ್ತಾರೆ. ಬಳ್ಳಾರಿ ಜೀನ್ಸ್ ಥರ 32 ಸೈಜ್ ನೋಡಿ ಹಾಕಿಕೊಳ್ಳುವ ಮಾಲಲ್ಲ ಇದು, ಟೈಲರ್ ಹತ್ತಿರ ಇರುವ ನಿಮ್ಮದೇ ಅಳತೆ ಪುಸ್ತಕ. ಬೋರ್ಡ್ ಬದಲಾದರೂ ಪುಸ್ತಕ ಹಳೆಯದೇ ಬರಬೇಕು.

ಆ ಚಿಪ್‌ಗೆ ಎಂಟು ಕಾಲು, ಮೇಲೆ 25ರಿಂದ ಶುರುವಾಗುವ ನಂಬರ್. ಮೂಲೆಯ ಚುಕ್ಕೆ ಯಾವ ಕಡೆಗಿದೆ ಅಂತ ಮೊದಲು ಫೋಟೊ ತೆಗೆದುಕೊಳ್ಳಿ. ಹಾಟ್ ಏರ್ ಗನ್ ಇರುವ ಮೊಬೈಲ್ ರಿಪೇರಿಯವರಿಗೆ ಇದು ಹತ್ತು ನಿಮಿಷದ ಕೆಲಸ. ಎರಡೂ ಬೋರ್ಡಿನ ಚಿಪ್ ತೆಗೆದು, ಹಳೆಯದನ್ನು ಹೊಸ ಬೋರ್ಡಿಗೆ ಅದೇ ದಿಕ್ಕಲ್ಲಿ ಬೆಸುಗೆ ಹಾಕಬೇಕು. ತಿರುವುಮುರುವಾದರೆ ಅಳತೆ ಪುಸ್ತಕವೇ ಸುಟ್ಟ ಹಾಗೆ. ಚಿಪ್ ಓದುವ ಪ್ರೋಗ್ರಾಮರ್ ಯಂತ್ರ ಇರುವವರು ಸಿಕ್ಕರೆ ಚಿಪ್‌ನಲ್ಲಿರುವುದನ್ನು ಮೊದಲೇ ಓದಿಸಿ ಒಂದು ಫೈಲ್ ಇಟ್ಟುಕೊಳ್ಳಿ.

ಕೆಲವು ಬೋರ್ಡ್‌ಗಳಲ್ಲಿ ಈ ಚಿಪ್ಪಿನ ಜಾಗ ಖಾಲಿ ಇರುತ್ತದೆ, ಎಲ್ಲ ದೊಡ್ಡ ಐಸಿಯ ಒಳಗೇ. ಅದು ನಮ್ಮ ಕೈಲಾಗುವ ಕೆಲಸವಲ್ಲ, ಡೇಟಾ ರಿಕವರಿ ಲ್ಯಾಬ್‌ಗೆ ಕಳಿಸಬೇಕು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಕಳಿಸುವಾಗ ಸುಟ್ಟ ಬೋರ್ಡನ್ನೂ ಅದೇ ಡಬ್ಬಿಯಲ್ಲಿಡಿ, ಕೆಟ್ಟಿದೆ ಅಂತ ಎಸೆದುಬಿಟ್ಟೀರಿ ಮತ್ತೆ.