ಇತಿಹಾಸ ತರಗತಿಗೊಂದು ವೆಬ್‌ಸೈಟ್: ನೋಟ್ಸ್ ತುಂಬುವ ಗೋದಾಮು ಮಾಡಬೇಡಿ

ಹೈಸ್ಕೂಲಿನಲ್ಲೋ ಪಿಯು ಕಾಲೇಜಿನಲ್ಲೋ ಇತಿಹಾಸ ಪಾಠ ಮಾಡುವ ಮೇಷ್ಟ್ರು, ಮೇಡಂಗಳಿಗೆ ಇದು. ವೆಬ್‌ಸೈಟ್ ಅಂದ ಕೂಡಲೇ ಕೋಡಿಂಗ್ ಬರಬೇಕು, ದುಡ್ಡು ಸುರಿಯಬೇಕು ಅಂತ ಹೆದರಬೇಡಿ. ಒಂದು ಜಿಮೇಲ್ ಖಾತೆ ಇದ್ದರೆ ಗೂಗಲ್ ಸೈಟ್ಸ್‌ನಲ್ಲಿ ಪುಕ್ಕಟೆಯಾಗಿ ಆಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಅದರಲ್ಲಿ ಏನು ಹಾಕಬೇಕು ಅನ್ನುವುದಕ್ಕೆ.

ಸುಮಾರು ಜನ ನೋಟ್ಸ್‌ನ ಪಿಡಿಎಫ್ ತುಂಬಿಸಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ನೋಟ್ಸ್ ಆಗಲೇ ವಾಟ್ಸಾಪ್ ಗ್ರೂಪಿನಲ್ಲಿದೆ, ಪಠ್ಯಪುಸ್ತಕ ಬ್ಯಾಗಿನಲ್ಲಿದೆ, ಗೈಡ್ ಅಂಗಡಿಯಲ್ಲಿ ಸಿಗುತ್ತದೆ. ಈ ಮೂರೂ ಕೊಡದೇ ಇರುವುದು ಆಧಾರಗಳನ್ನು. ಶಾಸನ, ನಾಣ್ಯ, ಪತ್ರ, ಹಳೇ ಫೋಟೊ. ಒಂದು ಪುಟಕ್ಕೆ ಒಂದು ಆಧಾರ, ಅದರ ಕೆಳಗೆ ಎರಡು ಮೂರು ಪ್ರಶ್ನೆ. ಸೈಟ್ ಅಂದರೆ ಇಷ್ಟೇ ಅಂತ ಇಟ್ಟುಕೊಳ್ಳಿ.

ಅಶೋಕನ ಪಾಠವನ್ನೇ ತೆಗೆದುಕೊಳ್ಳೋಣ. ಕರ್ನಾಟಕದಲ್ಲೂ ಅವನ ಶಾಸನಗಳು ಸಿಕ್ಕಿವೆ, 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅವನ ಹೆಸರೇ ಇದೆ ಅಂತ ಹೇಳಿ ನಾವು ಮುಂದೆ ಹೋಗಿಬಿಡುತ್ತೇವೆ. ಸೈಟ್‌ನಲ್ಲಿ ಅಲ್ಲೇ ನಿಲ್ಲಬಹುದು. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಂದು ಪುಟ ಮಾಡಿ. ಮೇಲೆ ಬಂಡೆಯ ಫೋಟೊ. ಅದರ ಕೆಳಗೆ ಒಂದೇ ಸಾಲು: 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇದನ್ನು ಪತ್ತೆ ಮಾಡಿದರು. ಆಮೇಲೆ ಶಾಸನದ ಸಾರ, ನಿಮ್ಮದೇ ಸರಳ ಕನ್ನಡದಲ್ಲಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು (ಅಂದರೆ ಹಿರಿಯ ಅಧಿಕಾರಿಗಳು) ಇಸಿಲ ಅನ್ನುವ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ರಾಜನ ಮಾತನ್ನು ತಿಳಿಸುತ್ತಾರೆ. ತಂದೆತಾಯಿಯ ಮಾತು ಕೇಳಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. (ಕೊನೆಯದನ್ನು ಮೇಷ್ಟ್ರೇ ಸೇರಿಸಿದ್ದಾರೆ ಅಂತ ಮಕ್ಕಳು ನಗುತ್ತಾರೆ. ನಗಲಿ ಬಿಡಿ.)

ಈಗ ಪ್ರಶ್ನೆ. ಆದೇಶ ಪಾಟಲಿಪುತ್ರದಿಂದ ನೇರವಾಗಿ ಬರದೆ ಸುವರ್ಣಗಿರಿಯ ಮೂಲಕ ಬಂದಿದೆ, ಇದರಿಂದ ಆಡಳಿತದ ಬಗ್ಗೆ ಏನು ಗೊತ್ತಾಗುತ್ತದೆ? ಇನ್ನೊಂದು ಇದಕ್ಕಿಂತ ಮಜಾ ಇದೆ. ಶಾಸನ ಬರೆದವನು ಚಪಡ ಅನ್ನುವವನು. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಆದರೆ ಅವನ ಹೆಸರಿನ ಜೊತೆ ಬರುವ 'ಲಿಪಿಕರೇಣ' ಅನ್ನುವ ಒಂದು ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದದ್ದು. ಹಾಗಾದರೆ ಈ ಚಪಡ ಎಲ್ಲಿಂದ ಬಂದಿರಬಹುದು? ತನ್ನ ಕೆಲಸದ ಹೆಸರನ್ನು ಅವನು ಹಾಗೇಕೆ ಬರೆದ? ಉತ್ತರವನ್ನು ಪುಟದಲ್ಲಿ ಹಾಕಬೇಡಿ. ಹಾಕಿದರೆ ಮಕ್ಕಳು ಅದನ್ನೇ ಕಾಪಿ ಮಾಡಿಕೊಂಡು ಬರುತ್ತಾರೆ, ಮಾರನೇ ದಿನ ತರಗತಿಯಲ್ಲಿ ಮಾತಾಡಲು ಏನೂ ಉಳಿಯುವುದಿಲ್ಲ.

ಇದರ ಜೊತೆ ಒಂದು ಭೂಪಟ ಬೇಕು. ಹೇಗೂ ಪರೀಕ್ಷೆಯಲ್ಲಿ ಭೂಪಟದ ಪ್ರಶ್ನೆ ಬರುತ್ತದೆ ಅಲ್ವಾ. ಗೂಗಲ್ ಮೈ ಮ್ಯಾಪ್ಸ್ ತೆರೆದು ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉಡೇಗೋಳ, ಸನ್ನತಿ ಇಷ್ಟನ್ನೂ ಗುರುತಿಸಿ. ಬೇರೆ ಬಣ್ಣದಲ್ಲಿ ಹಟ್ಟಿ ಚಿನ್ನದ ಗಣಿಯನ್ನೂ ಹಾಕಿ ಸುಮ್ನೆ ಇರಿ. ಮಸ್ಕಿಗೂ ಹಟ್ಟಿಗೂ ಎಷ್ಟು ದೂರ ಅಂತ ಯಾರಾದರೂ ಒಬ್ಬ ಕೇಳೇ ಕೇಳುತ್ತಾನೆ, ಸುವರ್ಣಗಿರಿ ಅನ್ನುವ ಹೆಸರೂ ಆಗ ಅವನ ತಲೆಯಲ್ಲಿರುತ್ತದೆ.

ಆಧಾರ ಎಲ್ಲಿ ಸಿಗುತ್ತದೆ ಅಂದರೆ, ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಜಿಲ್ಲಾವಾರು ಇವೆ. 5ನೆಯದು ಹಾಸನ, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ಕನ್ನಡ ಲಿಪಿಯಲ್ಲಿ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಧಾರವಾಡ, ವಿಜಯಪುರ ಕಡೆಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11ನೇ ಸಂಪುಟ ನೋಡಿ. ನಿಮ್ಮ ಶಾಲೆಯ ಸುತ್ತಮುತ್ತಲ ಹಳ್ಳಿಯ ಒಂದು ವೀರಗಲ್ಲು ಅದರಲ್ಲಿ ಸಿಕ್ಕರೆ ಮೊದಲ ಪುಟಕ್ಕೆ ಅದನ್ನೇ ಹಾಕಿ. ಹಂಪಿಯ ಕಲ್ಲಿನ ರಥವನ್ನು ಎಲ್ಲರೂ ಹಾಕುತ್ತಾರೆ, ನನಗಂತೂ ಸಾಕಾಗಿದೆ. ಫೋಟೊಗೆ ವಿಕಿಮೀಡಿಯಾ ಕಾಮನ್ಸ್ ಸಾಕು. ತೆಗೆದವರ ಹೆಸರು, ಲೈಸೆನ್ಸ್ ಎರಡನ್ನೂ ಫೋಟೊ ಕೆಳಗೆ ಬರೆಯಿರಿ. ಇತಿಹಾಸದ ಮೇಷ್ಟ್ರೇ ಆಧಾರ ಹೇಳದಿದ್ದರೆ ಇನ್ಯಾರು ಹೇಳಬೇಕು?

ಇನ್ನು ಕಟ್ಟುವ ಕೆಲಸ. ಇದನ್ನು ಮೊಬೈಲಿನಲ್ಲಿ ಒದ್ದಾಡಿಕೊಂಡು ಮಾಡಬೇಡಿ, ಕಂಪ್ಯೂಟರ್ ಮುಂದೆ ಕೂರಿ. ಗೂಗಲ್ ಸೈಟ್ಸ್‌ನಲ್ಲಿ ಖಾಲಿ ಸೈಟ್ ತೆರೆದು ಹೆಸರು ಕೊಡಿ. ಬಲಗಡೆ ಪೇಜಸ್ ಅಂತ ಇದೆ, ಅಲ್ಲಿ ಪಾಠಕ್ಕೊಂದು ಪುಟ, ಅದರೊಳಗೆ ಆಧಾರಕ್ಕೊಂದು ಉಪಪುಟ. ಇನ್ಸರ್ಟ್ ಒತ್ತಿದರೆ ಫೋಟೊ, ಮ್ಯಾಪ್, ಯೂಟ್ಯೂಬ್, ಗೂಗಲ್ ಫಾರ್ಮ್ ಎಲ್ಲ ಸೇರಿಸಬಹುದು. ಪಬ್ಲಿಷ್ ಮಾಡುವ ಮುಂಚೆ ಪ್ರಿವ್ಯೂನಲ್ಲಿ ಮೊಬೈಲ್ ಚಿತ್ರ ಒತ್ತಿ ನೋಡಿ, ಯಾಕೆಂದರೆ ಮಕ್ಕಳು ಓದುವುದು ಅಪ್ಪನದೋ ಅಣ್ಣನದೋ ಫೋನಿನಲ್ಲಿ, ಅದೂ ರಾತ್ರಿ ಊಟ ಆದಮೇಲೆ ಸಿಕ್ಕಷ್ಟು ಹೊತ್ತು. ದೊಡ್ಡ ಫೋಟೊ ಜಾಸ್ತಿ ಹಾಕಬೇಡಿ, ತೆರೆಯುವಷ್ಟರಲ್ಲಿ ಫೋನ್ ವಾಪಸ್ ಕೊಡುವ ಹೊತ್ತಾಗಿರುತ್ತದೆ.

ನುಡಿಯಲ್ಲೋ ಬರಹದಲ್ಲೋ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ನಿಮ್ಮ ಹತ್ತಿರ ರಾಶಿ ಇರುತ್ತದೆ. ಅದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ. ಅದಕ್ಕೆ ಆನ್‌ಲೈನ್‌ನಲ್ಲಿ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾದ ಮೇಲೆ ಒತ್ತಕ್ಷರಗಳನ್ನೂ ಇಸವಿಗಳನ್ನೂ ಒಮ್ಮೆ ಕಣ್ಣಾಡಿಸಿ ತಿದ್ದಿ.

ಗೂಗಲ್ ಡ್ರೈವ್‌ನಿಂದ ಏನೇ ಸೇರಿಸಿದರೂ ಅದರ ಶೇರ್ ಸೆಟ್ಟಿಂಗ್‌ನಲ್ಲಿ ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಅಂತ ಮಾಡಿ. ಇಲ್ಲದಿದ್ದರೆ ನಿಮಗೆ ಚೆನ್ನಾಗಿಯೇ ಕಾಣುತ್ತದೆ, ಮಕ್ಕಳಿಗೆ ಮಾತ್ರ ಅನುಮತಿ ಕೇಳಿ ಅಂತ ಬರುತ್ತದೆ. ಪರೀಕ್ಷಿಸಲು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ (ಅಲ್ಲಿ ನಿಮ್ಮ ಖಾತೆ ಲಾಗಿನ್ ಆಗಿರುವುದಿಲ್ಲ) ಸೈಟ್ ತೆರೆದು ನೋಡಿ. ಮಕ್ಕಳ ಫೋಟೊ, ಅಂಕಪಟ್ಟಿ, ಫೋನ್ ನಂಬರ್ ಸೈಟ್‌ನಲ್ಲಿ ಬೇಡವೇ ಬೇಡ.

ಒಂದೇ ಸಲ ಇಡೀ ಪಠ್ಯ ಮುಗಿಸಲು ಹೋಗಬೇಡಿ. ನಾಳೆ ಮಾಡುವ ಪಾಠದ ಒಂದು ಪುಟ ಇವತ್ತು ಹಾಕಿ, ಲಿಂಕನ್ನು ವಾಟ್ಸಾಪ್‌ನಲ್ಲಿ ಪ್ರಶ್ನೆಯ ಜೊತೆ ಕಳಿಸಿ. ಬರೀ ಲಿಂಕ್ ಕಳಿಸಿದರೆ ಯಾರೂ ಒತ್ತುವುದಿಲ್ಲ, 'ಚಪಡ ಯಾವ ಊರಿನವನು?' ಅಂತ ಕೇಳಿ ಕಳಿಸಿದರೆ ಒತ್ತುತ್ತಾರೆ. ಇನ್ನೊಬ್ಬ ಸಹೋದ್ಯೋಗಿಯನ್ನು ಎಡಿಟರ್ ಆಗಿ ಈಗಲೇ ಸೇರಿಸಿಡಿ. ಮುಂದಿನ ವರ್ಷ ನಿಮಗೆ ವರ್ಗಾವಣೆ ಆದರೂ ಅಲ್ಲಿ ಉಳಿದವರು ಅದನ್ನು ನಡೆಸಿಕೊಂಡು ಹೋಗಬಹುದು.