ವಾಷಿಂಗ್ ಮೆಷಿನ್‌ಗೂ ನಲ್ಲಿಗೂ ನಡುವೆ 60 ವೋಲ್ಟ್

ಮಲೆನಾಡಿನ ಹಳೆ ಮನೆಗಳಲ್ಲಿ ವೈರಿಂಗ್ ಕೆಲಸ ಮಾಡುವ ನನಗೆ ಬೇಸಿಗೆಯಲ್ಲಿ ಜಾಸ್ತಿ ಬರುವ ದೂರು, "ಮೆಷಿನ್ ಮುಟ್ಟಿದ್ರೆ ಚುರ್ ಅನ್ನುತ್ತೆ" ಅನ್ನೋದು. ಸಾಗರದ ಹತ್ತಿರದ ಒಂದು ಮನೆಯಲ್ಲಿ ಇದು ಸ್ವಲ್ಪ ಬೇರೆ ಥರ ಇತ್ತು. ಚಪ್ಪಲಿ ಹಾಕಿಕೊಂಡು ವಾಷಿಂಗ್ ಮೆಷಿನ್ ಮುಟ್ಟಿದರೆ ಏನೂ ಇಲ್ಲ. ಒಂದು ಕೈ ಮೆಷಿನ್ ಮೇಲೆ, ಇನ್ನೊಂದು ಕೈ ಪಕ್ಕದ ನಲ್ಲಿಯ ಮೇಲೆ ಇಟ್ಟರೆ ಮಾತ್ರ ಶಾಕ್.

"ಅರ್ಥಿಂಗ್ ಮಾಡ್ಸಿದೀವಲ್ಲ ಮಾರಾಯ್ರೆ, ಗುಂಡಿ ಅಲ್ಲೇ ಇದೆ ನೋಡಿ" ಅಂದರು ಯಜಮಾನರು. ಗುಂಡಿ ಇದ್ದದ್ದು ನಿಜ. ಉಪ್ಪು, ಇದ್ದಿಲು ಹಾಕಿ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿದ್ದರು.

ಟೆಸ್ಟರನ್ನು ನಾನು ನಂಬುವುದಿಲ್ಲ, ಸುಮ್ನೆ ಸುಮ್ನೆ ಉರಿಯುತ್ತದೆ. ಮಲ್ಟಿಮೀಟರ್ ಹಿಡಿದೆ. ಮೆಷಿನ್ ಬಾಡಿಗೂ ನಲ್ಲಿಗೂ ನಡುವೆ ಸುಮಾರು 60 ವೋಲ್ಟ್ ತೋರಿಸಿತು. ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸುತ್ತಾ ಹೋದೆ. ಬಚ್ಚಲಿನ ಗೀಸರ್ ಆರಿಸಿದ ಕೂಡಲೇ ವೋಲ್ಟೇಜ್ ಮಾಯ. ಶಾಕ್ ಹೊಡೆಯುತ್ತಿದ್ದದ್ದು ಮೆಷಿನ್, ಕೆಟ್ಟಿದ್ದು ಗೀಸರಿನ ಕಾಯಿಲ್!

ಇದು ಹೇಗೆ ಅಂತ ಯಜಮಾನರಿಗೆ ಬಿಡಿಸಿ ಹೇಳಬೇಕಾಯಿತು. ಕಾಯಿಲಿನಿಂದ ಸೋರಿದ ಕರೆಂಟ್ ಅರ್ಥ್ ವೈರಿನಲ್ಲಿ ಗುಂಡಿಗೆ ಹೋಗುತ್ತದೆ. ಆದರೆ ಅದು ಜಂಬಿಟ್ಟಿಗೆ ನೆಲ, ಅದೂ ಏಪ್ರಿಲ್‌ನಲ್ಲಿ. ಗುಂಡಿ ಒಣಗಿ ಕಲ್ಲಾಗಿತ್ತು. ಗುಂಡಿ ಕರೆಂಟಿಗೆ ಒಡ್ಡುವ ತಡೆಯನ್ನು ಅಳೆಯುವ ಅರ್ಥ್ ಟೆಸ್ಟರ್ ಹಾಕಿದರೆ 120 ಓಮ್ ತೋರಿಸಿತು. ಭೂಮಿಗೆ ಸರಿಯಾಗಿ ಇಳಿಯಲಾಗದ ಕರೆಂಟಿನಿಂದ ಅರ್ಥ್ ವೈರಿನಲ್ಲೇ ವೋಲ್ಟೇಜ್ ಏರುತ್ತದೆ. ಆ ವೈರಿಗೆ ಸೇರಿದ ಗೀಸರ್, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲದರ ಬಾಡಿಯೂ ಅದರ ಜೊತೆಗೇ ಏರುತ್ತದೆ. ನಲ್ಲಿ ಮಾತ್ರ ಏರುವುದಿಲ್ಲ. ಯಾಕೆಂದರೆ ಅದರ ಹಳೇ ಜಿಐ ಪೈಪ್ ಬಾವಿ ಕಡೆಯಿಂದ ಮಣ್ಣಿನೊಳಗೇ ಬಂದಿದೆ. ನಡುವೆ ನಿಂತವರ ಎರಡು ಕೈಗೆ ಎರಡು ಬೇರೆ ವೋಲ್ಟೇಜ್.

ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಎಂಸಿಬಿ, ಯಾಕೆ ಬೀಳಲಿಲ್ಲ? 120 ಓಮ್ ಗುಂಡಿಯಲ್ಲಿ 60 ವೋಲ್ಟ್ ಅಂದರೆ ಹರಿಯುವುದು ಅರ್ಧ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು 100 ವಾಟಿನ ಒಂದು ಬಲ್ಬ್ ಉರಿದ ಹಾಗೆ ಅಷ್ಟೆ.

ಹಿಂದೆ ಈ ತೊಂದರೆ ಇರಲಿಲ್ಲವಂತೆ. ಇದ್ದಿರಲಿಕ್ಕೂ ಇಲ್ಲ. ಮೊದಲು ಬಚ್ಚಲಿನ ಪೈಪೆಲ್ಲ ಜಿಐ ಆಗಿತ್ತು. ಗೀಸರಿನ ಬಾಡಿ, ಪೈಪು, ನಲ್ಲಿ ಎಲ್ಲ ತಾವಾಗಿಯೇ ಒಂದಕ್ಕೊಂದು ಅಂಟಿಕೊಂಡಿದ್ದವು. ಬಚ್ಚಲು ರಿಪೇರಿಯಲ್ಲಿ ಅಲ್ಲಿಗೆ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪ್ ಬಂತು, ಆ ಕೊಂಡಿ ತಪ್ಪಿತು. ಆ ಕೊಂಡಿಯನ್ನು ತಾಮ್ರದ ವೈರಿನಿಂದ ಮತ್ತೆ ಹಾಕುವುದೇ ಬಾಂಡಿಂಗ್.

ಮೊದಲು ಹೊಸ ಕಾಯಿಲ್, ಆಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಸ್ವಲ್ಪ ಕರೆಂಟ್ ಸೋರಿದರೂ ಬೀಳುವ ಸ್ವಿಚ್. ಉಳಿದ ಸಾಕೆಟ್ಟುಗಳನ್ನೂ ಬಿಚ್ಚಿ ನೋಡಿದೆ. ಅಡುಗೆಮನೆಯ ಒಂದು ಸಾಕೆಟ್ಟಿನಲ್ಲಿ ಯಾರೋ ಅರ್ಥ್ ವೈರ್ ಎಳೆಯದೆ, ಅರ್ಥ್ ಪಿನ್ನಿಗೆ ನ್ಯೂಟ್ರಲ್ಲನ್ನೇ (ಕರೆಂಟ್ ವಾಪಸ್ ಹೋಗುವ ವೈರ್) ಲೂಪ್ ಮಾಡಿಟ್ಟಿದ್ದರು. ಈ ಕೆಲಸ ಕಂಡರೆ ನನಗೆ ಮೈ ಉರಿಯುತ್ತದೆ. ಎಲ್ಲೋ ನ್ಯೂಟ್ರಲ್ ಕಡಿದರೆ ಆ ಸಾಕೆಟ್ಟಿಗೆ ಹಾಕಿದ ಯಂತ್ರದ ಬಾಡಿಗೆ ನೇರ 230 ವೋಲ್ಟ್ ಬರುತ್ತದೆ. ಅದನ್ನು ಬಿಡಿಸಿ ಅರ್ಥ್ ವೈರ್ ಕೊಟ್ಟೆ.

ಮೇನ್ ಆಫ್ ಮಾಡಿ ಬಾಂಡಿಂಗ್ ಶುರು ಮಾಡಿದೆ. ಎಂಸಿಬಿಗಳಿರುವ ಡಿಬಿ ಬಾಕ್ಸಿನ ಅರ್ಥ್ ಪಟ್ಟಿಯಿಂದ, ಜಿಐ ಪೈಪ್ ಮನೆಯೊಳಗೆ ಬರುವ ಜಾಗಕ್ಕೆ 6 ಸ್ಕ್ವೇರ್ ಎಂಎಂ ಹಸಿರು-ಹಳದಿ ವೈರ್. ಮೆಷಿನ್ ಸಾಕೆಟ್ಟಿನ ಅರ್ಥಿನಿಂದ ಆ ನಲ್ಲಿಯ ಪೈಪಿಗೆ 4 ಸ್ಕ್ವೇರ್. ಕೊಳವೆಯೊಳಗೆ ಎಳೆದರೆ ಎರಡೂವರೆ ಸಾಕಾಗುತ್ತಿತ್ತು. ಇಲ್ಲಿ ಗೋಡೆ ಮೇಲೆ ಬರಿ ವೈರ್, ಹಾಗಾಗಿ ನಾಲ್ಕು.

ವೈರ್ ಎಳೆಯುವುದು ಸುಲಭ, ಕ್ಲಾಂಪ್ ಕೂರಿಸುವುದರಲ್ಲೇ ಇರೋದು ಕೆಲಸ. ಪೈಪಿನ ಬಣ್ಣ, ತುಕ್ಕು ಪೂರಾ ಹೋಗಿ ಲೋಹ ಹೊಳೆಯುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಬೇಕು. ಬಣ್ಣದ ಮೇಲೆ ಕ್ಲಾಂಪ್ ಹಾಕಿದರೆ ಹಾಕದಂತೆಯೇ ಲೆಕ್ಕ. ತಾಮ್ರದ ವೈರನ್ನು ಜಿಐ ಪೈಪಿಗೆ ನೇರ ಸುತ್ತಲೂ ಬಾರದು, ತೇವ ತಾಗಿದರೆ ಪೈಪಿನ ಸತುವು ತಿಂದು ಹೋಗುತ್ತದೆ. ವೈರಿನ ತುದಿಗೆ ತವರ ಹಚ್ಚಿದ ಲಗ್ (ತೂತಿರುವ ಲೋಹದ ತುದಿ) ಒತ್ತಿ, ಸ್ಟೇನ್‌ಲೆಸ್ ಕ್ಲಾಂಪಿಗೆ ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಬಳಿದೆ.

ಬಚ್ಚಲಿನ ಸಿಪಿವಿಸಿ ಪೈಪಿನ ನಲ್ಲಿಗಳನ್ನು ಮುಟ್ಟಲಿಲ್ಲ. ಗೋಡೆಯಲ್ಲಿ ಸುಮ್ನೆ ಕೂತ ಕಿಟಕಿ ಸರಳಿಗೂ ಬೇಡ. ತಾರಸಿಯ ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡಿಗೆ ಮಾತ್ರ ಬೇಕೇ ಬೇಕು, ಅದರ ಟ್ಯಾಂಕಿನಲ್ಲಿ ಕರೆಂಟ್ ಕಾಯಿಲ್ ಇದೆ. ಆ ಸ್ಟ್ಯಾಂಡಿನಿಂದ ತೆಂಗಿನ ಮರಕ್ಕೆ ಬಟ್ಟೆ ಒಣಗಿಸುವ ಜಿಐ ತಂತಿ ಕಟ್ಟಿದ್ದರು. ಸ್ಟ್ಯಾಂಡಿನ ವೋಲ್ಟೇಜ್ ತಂತಿಗೂ ಬರಬಾರದಲ್ಲ, ಅದನ್ನು ಕಿತ್ತು ನೈಲಾನ್ ಹಗ್ಗ ಕಟ್ಟಿಸಿದೆ.

ಕೊನೆಗೆ ಮೀಟರಿನ ಎರಡು ತುದಿ ತಾಗಿಸಿ ಅದರ ಸ್ವಂತ ಓಮ್ ನೋಡಿಕೊಂಡೆ. ಅದನ್ನು ಕಳೆದರೆ ಮೆಷಿನ್ ಬಾಡಿಯಿಂದ ನಲ್ಲಿಗೆ ಅರ್ಧ ಓಮ್ ಕೂಡ ಬರಲಿಲ್ಲ. ಮೇನ್ ಹಾಕಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ, ಬಿತ್ತು. ತಿಂಗಳಿಗೊಮ್ಮೆ ಒತ್ತಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಬಿಡಿ ಅಂತ ಹೇಳಿ ಬಂದೆ.

ಒಂದು ಕೊರತೆ ಉಳಿದೇ ಇದೆ. ಒದ್ದೆ ನೆಲಕ್ಕೂ ಮೆಷಿನ್ನಿಗೂ ನಡುವಿನ ವ್ಯತ್ಯಾಸವನ್ನು ಹಳೆ ಮನೆಯಲ್ಲಿ ವೈರಿನಿಂದ ತೆಗೆಯಲಾಗದು, ಅಲ್ಲಿ ಆರ್‌ಸಿಸಿಬಿಯೇ ಕಾಯಬೇಕು. ಹೊಸ ಮನೆಯಲ್ಲಾದರೆ ಬಚ್ಚಲಿನ ನೆಲದ ಕಬ್ಬಿಣದ ಜಾಲರಿಯನ್ನೂ ಬಾಂಡಿಂಗಿಗೆ ಸೇರಿಸಬಹುದು. ಅದಕ್ಕೆ ಕಾಂಕ್ರೀಟ್ ಹಾಕುವ ಮೊದಲೇ ವೈರಿಂಗಿನವರನ್ನು ಕರೆಯಬೇಕು. ಟೈಲ್ಸ್ ಕೂರಿಸಿದ ಮೇಲೆ ಕರೆದರೆ ನಮ್ಮ ಕೈಲಾಗುವುದಿಲ್ಲ.