ಪದೇ ಪದೇ ಉದುರುತ್ತಿದ್ದ ಬಣ್ಣ ಕೊನೆಗೂ ನಿಂತದ್ದು ಹೀಗೆ

ಹಾಲ್‌ನ ಒಂದು ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದ್ದೆ. ಎರಡು ಸಲವೂ ಆರೇ ತಿಂಗಳಲ್ಲಿ ಗುಳ್ಳೆ ಎದ್ದು ಉದುರಿತು. ಬಣ್ಣವೇ ಸರಿಯಿಲ್ಲ ಅಂದುಕೊಂಡಿದ್ದೆ. ತೊಂದರೆ ಇದ್ದದ್ದು ಗೋಡೆಯೊಳಗೆ.

ಈ ಸಲ ಒಂದಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿದೆ. 24 ಗಂಟೆ ಬಿಟ್ಟು ನೋಡಿದರೆ ಒಳಮೈ ತುಂಬ ಸಣ್ಣ ಸಣ್ಣ ನೀರಹನಿ! ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಒಳಮೈಯಲ್ಲಿದ್ದರೆ ಗೋಡೆಯದೇ. ಹೊರಗೆ ಹೋಗಿ ಹುಡುಕಿದೆ. ಕಿಟಕಿಯ ಸಜ್ಜಾ ಗೋಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು. ಅದನ್ನು ಸ್ವಲ್ಪ ಅಗಲಿಸಿ ಕೆತ್ತಿ, ಧೂಳು ತೆಗೆದು, ಫಿಲ್ಲರ್ ತುಂಬಿದೆ. ಆಮೇಲೆ ಕಾದೆ, ಮತ್ತೆ ಪ್ಲಾಸ್ಟಿಕ್ ಅಂಟಿಸಿದಾಗ ಹನಿ ಕಾಣದಾಗುವವರೆಗೂ. ಇಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ.

ಗೋಡೆಯ ಮೇಲೆ ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಲ್ಲೇ ಉಜ್ಜಿ. ನೀರು ಹಾಕಿದರೆ ಕರಗಿ ಮತ್ತೆ ಒಳಗಿಳಿಯುತ್ತದೆ. ಸಡಿಲ ಬಣ್ಣ ಕೆರೆದು, ಪುಟ್ಟಿ ಹಚ್ಚಿ, 180ರ ಎಮರಿ ಪೇಪರ್‌ನಲ್ಲಿ ತಿಕ್ಕಿ, ಧೂಳು ಒರೆಸಿ, ಪ್ರೈಮರ್ ಹೊಡೆದೆ. ಬಣ್ಣ ಆಮೇಲಷ್ಟೇ.

ಒಂದು ಮಳೆಗಾಲ ಕಳೆದಿದೆ. ಅಂಗೈಯಿಂದ ಸವರಿದರೆ ಆ ಗೋಡೆ ಇನ್ನೂ ನುಣುಪಾಗಿಯೇ ಇದೆ.